ಮಗು ನುಡಿವ ಸಾಕ್ಷಿ

ಯಶವಂತಪುರದ ಪರಿಚಿತರೊಬ್ಬರ ರಕ್ತ ‘ಎ’ ಗುಂಪಿನದು, ಪತ್ನಿಯದು ‘ಬಿ’. ಹುಟ್ಟಿದ ಮಗುವಿನದು ‘ಓ’. ಅತ್ತೆ ಹುಬ್ಬು ಗಂಟಿಕ್ಕಿದರಂತೆ. ಸಂಶಯ ಸೊಸೆಯ ಮೇಲೆಯೇ, ಮತ್ತಾರ ಮೇಲೆ!

ಆದರೆ ಮೆಂಡಲನ ಲೆಕ್ಕ ಬೇರೆ. ಪ್ರತಿಯೊಬ್ಬರಲ್ಲೂ ಅಂಶಗಳು ಎರಡೆರಡು. ‘ಎ’ಯ ಮರೆಯಲ್ಲಿ, ‘ಬಿ’ಯ ಮರೆಯಲ್ಲಿ ‘ಓ’ ಅಡಗಿರಬಲ್ಲದು. ಮಗು ‘ಓ’ ಆದುದರಿಂದಲೇ ತಂದೆ ‘ಎ-ಓ’, ತಾಯಿ ‘ಬಿ-ಓ’ ಎಂದು ಊಹಿಸಬೇಕು. ಅಂಥವರಿಗೆ ‘ಓ’ ಮಗು ಹುಟ್ಟುವ ಸಂಭವ ನಾಲ್ಕರಲ್ಲೊಂದು. ಇದಕ್ಕೂ ಅಪವಾದವುಂಟು: 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ಗುಂಪಿನವರು ‘ಎ’, ‘ಬಿ’ ಅಂಶಗಳನ್ನು ಹೊತ್ತಿದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದೇ ತೋರುತ್ತಾರೆ.

ಲೆಕ್ಕವೇನೋ ಸೊಸೆಯ ಪರವಾಗಿತ್ತು. ಆಗಿರದಿದ್ದರೆ? ಛಾಂದೋಗ್ಯದ ಗೌತಮ ಸತ್ಯಕಾಮನ ಗೋತ್ರ ಕೇಳಿದ. ತಾಯಿಗೂ ತಿಳಿಯದೆಂದು ಹುಡುಗ ಇದ್ದುದನ್ನಿದ್ದಂತೆ ಹೇಳಿದ. ಗುರು ಸಮಿತ್ತು ತರಹೇಳಿದನೇ ಹೊರತು ಜಬಾಲೆಯನ್ನು ಕರೆಸಿ ವಿಚಾರಿಸಲಿಲ್ಲ.