ಉಸ್ತಾದರ ಓದಿನ ಹೊತ್ತು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಜಮಾಅತ್‌ಗಳಲ್ಲಿ ಉಸ್ತಾದರ ದಿನ ಸುಬಹಿಗೆ ಮೊದಲೇ ಆರಂಭವಾಗುತ್ತದೆ. ಐದು ಹೊತ್ತಿನ ನಮಾಝ್, ಮದ್ರಸದ ಪಾಠ, ಜುಮಾದ ಖುತ್ಬಾ. ನಡುವೆ ನಿಕಾಹ್, ಜನಾಝ, ರೋಗಿಗಳ ಭೇಟಿ. ಇಂತಹ ಉಸ್ತಾದರೊಬ್ಬರು ಎಂ.ಎ. ಪರೀಕ್ಷೆಗೆ ಓದಲು ಕುಳಿತರೆ, "ನಾವು ಸಂಬಳ ಕೊಡುವುದು ಮಸೀದಿಯ ಕೆಲಸಕ್ಕಲ್ಲವೇ?" ಎಂಬ ಮಾತು ಬರಬಹುದು. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಯ್ಯಿತ್ತಿನ ಮನೆಯವರು ಕಾಯುತ್ತಿರುವಾಗ ಪುಸ್ತಕ ಹಿಡಿದು ಕೂರುವುದು ಕರ್ತವ್ಯಲೋಪವೇ ಸರಿ.

ಇದೇ ಇಕ್ಕಟ್ಟು ಹಿಂದೆ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್‌ರಿಗೂ ಎದುರಾಗಿತ್ತು. 1853ರಲ್ಲಿ ಬಾಸೆಲ್ ಮಿಶನ್ ಅವರನ್ನು ಕಳುಹಿಸಿದ್ದು ಧರ್ಮಪ್ರಚಾರಕ್ಕೆ. ಅವರು ಮುಳುಗಿದ್ದು ಹಳಗನ್ನಡ ಗ್ರಂಥಗಳಲ್ಲಿ. ಇದು ಮಿಶನ್‌ನ ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಕೇಶಿರಾಜನ ಶಬ್ದಮಣಿದರ್ಪಣ 1872ರಲ್ಲಿ, ನಾಗವರ್ಮನ ಛಂದಸ್ಸು 1875ರಲ್ಲಿ, ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅವರಿಂದ ಬೆಳಕು ಕಂಡವು. ಇಂದು ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ ಕನ್ನಡಿಗರೆಲ್ಲರೂ ಆ ನಿಘಂಟನ್ನು ತೆರೆಯುತ್ತಾರೆ. ಹಿರಿಯರು ವ್ಯರ್ಥವೆಂದು ಬಗೆದ ಗಂಟೆಗಳೇ ಜನರಿಗೆ ಉಳಿದವು.

ಹಾಗೆಂದು ಓದೆಲ್ಲವೂ ಪುಣ್ಯವಲ್ಲ. ಇಮಾಮ್ ಗಝ್ಝಾಲಿಯವರು 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾದಲ್ಲಿ ಅಧ್ಯಾಪಕರಾದರು. ತಮ್ಮ ಬೋಧನೆಯ ಹಿಂದೆ ಕೀರ್ತಿಯ ಆಸೆಯಿದೆಯೆಂದು ಅವರಿಗೇ ಮನವರಿಕೆಯಾದಾಗ, 1095ರಲ್ಲಿ ಆ ಪೀಠವನ್ನು ತೊರೆದು ಹೊರಟರು. ವರ್ಷಗಳ ಬಳಿಕ ನಿಶಾಪುರದಲ್ಲಿ ಮತ್ತೆ ಪಾಠ ಹೇಳಿದರು. ಅವರು ವಿದ್ಯೆಯನ್ನು ದೂರವಿಡಲಿಲ್ಲ, ನಿಯ್ಯತ್ತನ್ನು ಸರಿಪಡಿಸಿಕೊಂಡರು.

ಹಾಗಾದರೆ ತೂಗಬೇಕಾದ್ದು ಯಾವುದನ್ನು? ಓದಿದ್ದು ಜನರ ಬಳಿಗೆ ಮರಳುತ್ತದೆಯೇ ಎಂಬುದನ್ನು. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಬ್ಯಾಂಕ್ ಬಡ್ಡಿ, ಅಂಗದಾನ, ವಿಕಾಸವಾದಗಳ ಬಗ್ಗೆ ಕೇಳುತ್ತಾರೆ. ಉಸ್ತಾದರು ಹಳೆಯ ಖುತ್ಬಾವನ್ನೇ ಪುನಃ ಹೇಳಿದರೆ, ಆ ಮಕ್ಕಳು ಸುಮ್ಮನಾಗುತ್ತಾರೆ. ಒಂದು ದಿನ ಕೇಳುವುದನ್ನೇ ನಿಲ್ಲಿಸುತ್ತಾರೆ. ನಷ್ಟ ಜಮಾಅತ್ತಿಗೇ.

ಇಲ್ಲಿ ಎರಡು ಕಡೆಗೂ ಹೊಣೆಯಿದೆ. ಮಸೀದಿಗೆ ಟೈಲ್ಸ್ ಹಾಕಿಸಲು ಚಂದಾ ಎತ್ತುವ ನಾವು, ಉಸ್ತಾದರ ಕೋಣೆಗೆ ಒಂದು ಕಪಾಟು ಪುಸ್ತಕ ಕೊಡಿಸಬಹುದು. ದಿನಕ್ಕೆರಡು ಗಂಟೆಯ ಓದನ್ನೂ ಅವರ ಸೇವೆಯೊಳಗೇ ಲೆಕ್ಕ ಹಾಕಬಹುದು. ಉಸ್ತಾದರು, ಯಾರಾದರೂ ಬಾಗಿಲು ತಟ್ಟಿದಾಗ ಪುಸ್ತಕ ಮುಚ್ಚಿ ಎದ್ದು ಬರಬೇಕು. ಬಂದವರನ್ನು ಕಳುಹಿಸಿದ ಮೇಲೆ ಅದೇ ಪುಟವನ್ನು ಮತ್ತೆ ತೆರೆಯಲು ನಾವು ಬಿಡಬೇಕು.