ಕೂಸಿನ ಪರವಾಗಿ ಒಪ್ಪಿಗೆ ಕೊಡುವವರು ಯಾರು?

ನಿಮ್ಮ ಮನೆಯಲ್ಲಿ ಒಂದೂವರೆ ತಿಂಗಳ ಕೂಸೊಂದಿದೆ ಎಂದು ಭಾವಿಸಿಕೊಳ್ಳಿ. ಹಗಲೆಲ್ಲ ಸುಮ್ಮನಿರುವ ಅದು ಮಗ್ರಿಬ್‌ನ ಹೊತ್ತಿಗೆ ಅಳಲಾರಂಭಿಸಿದರೆ ಇಶಾ ಕಳೆದರೂ ನಿಲ್ಲಿಸುವುದಿಲ್ಲ. ಮುಷ್ಟಿ ಬಿಗಿಹಿಡಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪೇರುವಂತೆ ಅಳುತ್ತದೆ. ಹಾಲುಣಿಸಿದ್ದಾಯಿತು, ತೂಗಿದ್ದಾಯಿತು, ಬಟ್ಟೆ ಬದಲಿಸಿದ್ದಾಯಿತು. ಆಗ ಮನೆಯಲ್ಲಿ ಸಲಹೆಗಳು ಆರಂಭವಾಗುತ್ತವೆ. ಕೂಸನ್ನು ಎತ್ತುವಾಗ ಎಲ್ಲೋ ಉಳುಕಿದೆ, ಉಳುಕು ತೆಗೆಯುವವರನ್ನು ಕರೆಸಿ ಎನ್ನುತ್ತಾರೆ ನಾನಿ. ದುಬೈಯಲ್ಲಿರುವ ಚಾಚಾ ಫೋನ್ ಮಾಡಿ, ಇಲ್ಲಿ ಕೈರೋಪ್ರಾಕ್ಟರ್ ಎಂಬವರಿದ್ದಾರೆ, ಕೈಯಿಂದಲೇ ಬೆನ್ನೆಲುಬನ್ನು ಸರಿಪಡಿಸುತ್ತಾರೆ, ಹಸುಗೂಸುಗಳಿಗೂ ಮಾಡುತ್ತಾರೆ, ವಿಡಿಯೋ ಕಳಿಸಿದ್ದೇನೆ ನೋಡಿ ಎನ್ನುತ್ತಾರೆ.

ಮುಂಡರಗಿ ತಾಲೂಕಿನ ಡಂಬಳದಂತಹ ಊರಿನಲ್ಲಿ ಇಂದು ಈ ಎರಡು ಸಲಹೆಗಳು ಒಂದೇ ಪಡಸಾಲೆಯಲ್ಲಿ ಭೇಟಿಯಾಗುತ್ತವೆ. ಕಪ್ಪತಗುಡ್ಡದ ಸೆರಗಿನ ಊರದು. ಆ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ಸರಕಾರ ಅದನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ಗುಡ್ಡದ ಬೇರು ನಾರುಗಳನ್ನು ಬಲ್ಲ ನಾಟಿ ವೈದ್ಯರ ಮೇಲೆ ಆ ಭಾಗದ ಹಿಂದೂಗಳಿಗೂ ಮುಸ್ಲಿಮರಿಗೂ ಸಮಾನ ವಿಶ್ವಾಸವಿದೆ. ಅದು ಅಕಾರಣವಾದ ವಿಶ್ವಾಸವೂ ಅಲ್ಲ. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಬರುವವರು, ಹಣ ಕೇಳದವರು ಅವರಲ್ಲಿದ್ದಾರೆ. ಅವರನ್ನು ಹಗುರವಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಉಳುಕು ತೆಗೆಯುವವರಾಗಲಿ, ವಿದೇಶದಲ್ಲಿ ಪದವಿ ಪಡೆದ ಕೈರೋಪ್ರಾಕ್ಟರ್ ಆಗಲಿ, ಪ್ರಶ್ನೆ ಒಂದೇ: ಮಾತು ಬಾರದ ಕೂಸಿನ ಎಲುಬಿನ ಮೇಲೆ ಇನ್ನೊಬ್ಬರ ಕೈ ಇಡಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು, ಮತ್ತು ಅದರ ಎಲ್ಲೆ ಎಲ್ಲಿ?

ಮೊದಲು ಈ ಕೈರೋಪ್ರಾಕ್ಟಿಕ್ ಎಂದರೇನೆಂದು ತಿಳಿಯೋಣ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ ಡಿ. ಡಿ. ಪಾಮರ್ ಎಂಬವರು ಇದನ್ನು ಆರಂಭಿಸಿದರು. ಅವರು ವೈದ್ಯರಾಗಿರಲಿಲ್ಲ, ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ಕೊಡುತ್ತಿದ್ದವರು. ಕಿವುಡನಾಗಿದ್ದ ಒಬ್ಬ ಕೆಲಸಗಾರನ ಬೆನ್ನೆಲುಬನ್ನು ಒತ್ತಿದಾಗ ಅವನಿಗೆ ಕಿವಿ ಕೇಳಿಸಿತೆಂದು ಅವರು ಹೇಳಿಕೊಂಡರು. ಕ್ರಮೇಣ, ನೂರಕ್ಕೆ 95 ರೋಗಗಳಿಗೆ ಬೆನ್ನೆಲುಬಿನ ಮಣಿಗಳು ಸ್ಥಾನ ತಪ್ಪಿರುವುದೇ ಕಾರಣವೆಂದು ವಾದಿಸಿದರು. ವಿಜ್ಞಾನ ಈ ವಾದವನ್ನು ಒಪ್ಪಿಲ್ಲ. ಹಾಗೆಂದು ಈ ಪದ್ಧತಿಯಲ್ಲಿ ಏನೂ ಇಲ್ಲವೆನ್ನುವುದೂ ನ್ಯಾಯವಲ್ಲ. ದೊಡ್ಡವರ ಸೊಂಟ ನೋವಿಗೆ ಬೆನ್ನೆಲುಬಿನ ಕೈ ಚಿಕಿತ್ಸೆಯೂ ಒಂದು ದಾರಿಯೆಂದು ಅಮೆರಿಕದ ವೈದ್ಯರ ಸಂಘವೊಂದು 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ನಮ್ಮ ದೇಶದಲ್ಲಿ ಸರಕಾರ ಆಯುಷ್ ಎಂಬ ಹೆಸರಿನಡಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿಗಳನ್ನು ಮಾನ್ಯ ಮಾಡಿದೆ. ಆ ಪಟ್ಟಿಯಲ್ಲಿ ಕೈರೋಪ್ರಾಕ್ಟಿಕ್ ಇಲ್ಲ.

ಸೊಂಟ ನೋವಿನ ದೊಡ್ಡವನಿಗೂ ಹಸುಗೂಸಿಗೂ ಅಜಗಜಾಂತರ. ದೊಡ್ಡವನು ತನ್ನ ನೋವು ಎಲ್ಲಿದೆಯೆಂದು ಹೇಳಬಲ್ಲ, ಸಾಕು ನಿಲ್ಲಿಸಿ ಎನ್ನಬಲ್ಲ, ಎದ್ದು ಹೋಗಬಲ್ಲ. ಹುಟ್ಟಿದ ಮಗುವಿನ ಬೆನ್ನೆಲುಬಿನ ಒಂದೊಂದು ಮಣಿಯೂ ಇನ್ನೂ ಒಂದಾಗದ ತುಂಡುಗಳಾಗಿದ್ದು, ನಡುವೆ ಮೆದು ಎಲುಬಿರುತ್ತದೆ. ತಲೆಯೊಂದೇ ಮೈಯ ಉದ್ದದ ಕಾಲು ಭಾಗದಷ್ಟು, ಅದನ್ನು ಹೊರುವ ಕತ್ತಿಗೆ ಬಲವಿಲ್ಲ. ವಿಡಿಯೋಗಳಲ್ಲಿ ಕೇಳಿಬರುವ ಆ ಲಟಕ್ ಸದ್ದು ಎಲುಬು ಸ್ವಸ್ಥಾನಕ್ಕೆ ಬಂದ ಸದ್ದೆಂದು ಅನೇಕರು ತಿಳಿದಿದ್ದಾರೆ. ಅದು ಕೀಲಿನ ನೀರಿನಲ್ಲಿ ಗಾಳಿಯ ಗುಳ್ಳೆ ಏಳುವ ಸದ್ದು, ಅಷ್ಟೆ. ನಾವು ಬೆರಳ ನೆಟಿಗೆ ಮುರಿದಾಗ ಬರುವುದೂ ಅದೇ. ಕೂಸುಗಳಿಗೆ ನಾವು ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತೇವೆಯೇ ಹೊರತು ತಿರುಚುವುದಿಲ್ಲ ಎಂದು ಈ ವೃತ್ತಿಯ ಅನೇಕರು ಹೇಳುತ್ತಾರೆ. ಒಳ್ಳೆಯದು. ಆದರೆ ಎಲುಬು ಅಲುಗದಷ್ಟು ಮೆಲ್ಲಗೆ ಒತ್ತಿದರೆ ಎಲುಬು ಸರಿಹೋಗುವುದು ಹೇಗೆ? ಅಲುಗುವಷ್ಟು ಬಲವಾಗಿ ಒತ್ತಿದರೆ ಅಪಾಯವಿಲ್ಲದಿರುವುದು ಹೇಗೆ? ಈ ಪ್ರಶ್ನೆಗೆ ನನಗೆ ತೃಪ್ತಿಕರ ಉತ್ತರ ಎಲ್ಲೂ ದೊರೆತಿಲ್ಲ.

2019ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ ಕೈರೋಪ್ರಾಕ್ಟರ್ ಒಬ್ಬರು ಎರಡು ವಾರದ ಕೂಸನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಿದ ವಿಡಿಯೋ ಜಗತ್ತಿನಾದ್ಯಂತ ಹಬ್ಬಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಲ್ಲಿಯ ಕೈರೋಪ್ರಾಕ್ಟಿಕ್ ಮಂಡಳಿಯೇ, ಎರಡು ವರ್ಷದೊಳಗಿನ ಮಕ್ಕಳ ಬೆನ್ನೆಲುಬಿಗೆ ಕೈ ಚಿಕಿತ್ಸೆ ಮಾಡಬಾರದೆಂದು ತನ್ನವರಿಗೆ ಸೂಚಿಸಿತು. ವಿಕ್ಟೋರಿಯಾ ರಾಜ್ಯ ನಡೆಸಿದ ಪರಿಶೀಲನೆಯಲ್ಲಿ ಎರಡು ಸಂಗತಿಗಳು ಕಂಡವು: ಗಂಭೀರ ಹಾನಿಯಾದ ದಾಖಲೆಗಳು ಬಹಳ ಕಡಿಮೆ, ಪ್ರಯೋಜನವಾದುದಕ್ಕೆ ನಂಬಬಹುದಾದ ಪುರಾವೆಯೂ ಇಲ್ಲ. 2023ರಲ್ಲಿ ಮಂಡಳಿ ಆ ನಿರ್ಬಂಧವನ್ನು ಸಡಿಲಿಸಿದಾಗ, 2024ರಲ್ಲಿ ಅಲ್ಲಿಯ ಆರೋಗ್ಯ ಮಂತ್ರಿಗಳು ಆಕ್ಷೇಪಿಸಿ ಮರಳಿ ಜಾರಿಗೆ ತರಿಸಿದರು. ಮೆಲ್ಬೋರ್ನ್‌ನ ವಿಡಿಯೋ ನೋಡಿ ಬೆಚ್ಚಿಬೀಳುವ ನಾವು ನಮ್ಮ ಬಚ್ಚಲುಮನೆಗಳನ್ನೂ ಒಮ್ಮೆ ನೋಡಬೇಕು. ಕೂಸಿಗೆ ಎರೆಯುವ ಹೆಂಗಸು ಅದನ್ನು ಕಾಲು ಹಿಡಿದು ತೂಗಿ ಝಾಡಿಸುವುದು, ಮೂಗಿಗೆ ಎಣ್ಣೆ ಬಿಡುವುದು ಹಲವು ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಹಗುರವಾದ ಕೈಯಿಂದ ಎಣ್ಣೆ ಸವರಿ ಬೆಚ್ಚಗಿನ ನೀರು ಹಾಕುವುದು ಕೂಸಿಗೆ ಹಿತ. ತೂಗುವುದು ಹಿತವಲ್ಲ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಉಮ್ಮು ಕೈಸ್ ಬಿನ್ತ್ ಮಿಹ್ಸನ್(ರ) ಎಂಬ ಸಹಾಬಿ ಮಹಿಳೆ ತಮ್ಮ ಪುಟ್ಟ ಮಗನನ್ನು ಕರೆದುಕೊಂಡು ಬಂದರು. ಮಗುವಿಗೆ ಗಂಟಲಿನ ಬೇನೆ. ಅರಬರ ಪದ್ಧತಿಯಂತೆ ಅವರು ಅದರ ಗಂಟಲಿಗೆ ಬೆರಳು ಹಾಕಿ ಒತ್ತಿದ್ದರು. ಪ್ರವಾದಿವರ್ಯರು(ಸ) ಅದನ್ನು ಕಂಡು, ಹೀಗೆ ಒತ್ತಿ ನಿಮ್ಮ ಮಕ್ಕಳನ್ನು ಏಕೆ ನೋಯಿಸುತ್ತೀರೆಂದು ಕೇಳಿದರು. ಅದರ ಬದಲು ಊದ್ ಹಿಂದಿ ಎಂಬ, ನಮ್ಮ ದೇಶದ ಕಡೆಯಿಂದಲೇ ಹೋಗುತ್ತಿದ್ದ ಬೇರನ್ನು ಬಳಸುವಂತೆ ಸೂಚಿಸಿದರು. ಈ ಹದೀಸನ್ನು ಓದುವಾಗ ನಮ್ಮ ಗಮನ ಸಾಮಾನ್ಯವಾಗಿ ಆ ಬೇರಿನ ಕಡೆಗೇ ಹೋಗುತ್ತದೆ. ಅದರ ಪುಡಿಗೆ ಅತ್ತರಿನ ಅಂಗಡಿಗಳಲ್ಲಿ ಒಳ್ಳೆಯ ವ್ಯಾಪಾರವೂ ಇದೆ. ಆದರೆ ಆ ಮಾತಿನ ಮೊದಲರ್ಧವನ್ನು ಗಮನಿಸಿ. ಆ ತಾಯಿ ಕ್ರೂರಿಯಾಗಿರಲಿಲ್ಲ. ಆರಂಭದಲ್ಲೇ ಇಸ್ಲಾಮ್ ಸ್ವೀಕರಿಸಿ ಹಿಜ್ರತ್ ಮಾಡಿದ ಪುಣ್ಯವತಿ. ಮಗುವಿನ ಮೇಲಿನ ಮಮತೆಯಿಂದಲೇ, ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದ್ದರು. ಮಮತೆಯಿಂದ ಮಾಡಿದ್ದು, ರೂಢಿಯಲ್ಲಿರುವುದು ಎಂಬ ಕಾರಣಕ್ಕೆ ಮಗುವಿನ ನೋವು ಲೆಕ್ಕಕ್ಕಿಲ್ಲದೆ ಹೋಗಲಿಲ್ಲ. ಬೆಂಕಿಯಿಂದ ಸುಟ್ಟು ಚಿಕಿತ್ಸೆ ಮಾಡುವುದನ್ನೂ ಪ್ರವಾದಿವರ್ಯರು(ಸ) ತಮ್ಮ ಸಮುದಾಯಕ್ಕೆ ಮೆಚ್ಚಲಿಲ್ಲವೆಂದು ಬುಖಾರಿಯಲ್ಲಿದೆ. ಕೂಸಿನ ಹೊಟ್ಟೆಗೆ ಚುಟಿಗೆ ಹಾಕಿಸುವವರು ಇದನ್ನು ಕೇಳಿಲ್ಲವೆಂದೇ ತೋರುತ್ತದೆ.

ಇನ್ನೊಂದು ಹದೀಸ್ ಅಬೂದಾವೂದ್, ನಸಾಈ ಮುಂತಾದವರು ಉಲ್ಲೇಖಿಸಿರುವುದು. ವೈದ್ಯ ವಿದ್ಯೆಯಲ್ಲಿ ಬಲ್ಲವನೆಂದು ಗೊತ್ತಿಲ್ಲದವನು ಚಿಕಿತ್ಸೆಗೆ ಕೈಹಾಕಿದರೆ, ಆಗುವ ಹಾನಿಗೆ ಅವನೇ ಹೊಣೆ ಎಂಬುದು ಅದರ ತಾತ್ಪರ್ಯ. ಹದಿನಾಲ್ಕನೆಯ ಶತಮಾನದ ವಿದ್ವಾಂಸ ಇಬ್ನುಲ್ ಕಯ್ಯಿಮ್ ಇದನ್ನು ವಿವರಿಸುತ್ತಾ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ. ಚಿಕಿತ್ಸಕ ಅರಿಯದವನೆಂದು ಗೊತ್ತಿದ್ದೂ ರೋಗಿ ಒಪ್ಪಿಗೆ ಕೊಟ್ಟಿದ್ದರೆ, ಆ ಚಿಕಿತ್ಸಕನ ಮೇಲೆ ಪರಿಹಾರದ ಹೊಣೆ ಬರುವುದಿಲ್ಲ. ಏಕೆಂದರೆ ರೋಗಿ ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟಂತಾಯಿತು.

ದೊಡ್ಡವರ ವಿಷಯದಲ್ಲಿ ಇದು ಸರಳ. ಕೂಸಿನ ವಿಷಯದಲ್ಲಿ? ಕೂಸು ಯಾವ ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ. ಒಪ್ಪಿಗೆ ಕೊಟ್ಟವರು ನೀವು, ನಾನು. ಹಾಗಾದರೆ ಚಿಕಿತ್ಸಕನ ಹೆಗಲಿನಿಂದ ಇಳಿದ ಹೊಣೆ ಎಲ್ಲಿ ಹೋಗಿ ಕೂರುತ್ತದೆ? ಮಗುವಿನ ಮೈ ನಮ್ಮ ಸೊತ್ತಲ್ಲ, ನಮ್ಮಲ್ಲಿಟ್ಟ ಅಮಾನತ್ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅಮಾನತ್ ಇಟ್ಟುಕೊಂಡವನಿಗೆ ತನ್ನ ಸ್ವಂತ ವಸ್ತುವಿನ ಮೇಲಿರುವ ಸ್ವಾತಂತ್ರ್ಯ ಅದರ ಮೇಲಿಲ್ಲ. ನನ್ನ ಬೆನ್ನಿನ ಮೇಲೆ ನಾನು ಯಾರಿಂದ ಬೇಕಾದರೂ ಪ್ರಯೋಗ ಮಾಡಿಸಿಕೊಂಡೇನು. ನೆರೆಯವರು ಇಟ್ಟು ಹೋದ ಒಡವೆಯನ್ನು, ಲಾಭವಾದರೂ ಆದೀತೆಂದು ಯಾರದೋ ವ್ಯಾಪಾರದಲ್ಲಿ ಹೂಡಲಾರೆ. ನಷ್ಟವಾಗದಿದ್ದರೂ ಅದು ತಪ್ಪೇ. ಗಂಭೀರ ಹಾನಿ ವಿರಳ ಎಂಬ ಮಾತು ಇಲ್ಲಿ ಸಾಲದಾಗುವುದು ಇದರಿಂದಲೇ. ಪ್ರಯೋಜನ ಖಚಿತವಿದ್ದಲ್ಲಿ ಅಲ್ಪ ಅಪಾಯವನ್ನೂ ನೋವನ್ನೂ ಸಹಿಸಬಹುದು. ಚುಚ್ಚುಮದ್ದು ಹಾಕಿಸುವಾಗ ಕೂಸು ಅತ್ತರೂ ನಾವು ಹಿಂಜರಿಯುವುದಿಲ್ಲ. ಪ್ರಯೋಜನವೇ ತೋರದಿದ್ದಲ್ಲಿ ಅಲ್ಪ ಅಪಾಯಕ್ಕೂ ಸಮರ್ಥನೆಯಿಲ್ಲ.

ಆದರೆ ನಮ್ಮ ಪಕ್ಕದ ಮನೆಯ ಕೂಸಿಗೆ ಗುಣವಾಯಿತಲ್ಲ ಎಂದು ನೀವು ಕೇಳಬಹುದು. ಗುಣವಾದದ್ದು ನಿಜವೇ ಇರಬಹುದು. ಯಾವುದರಿಂದ ಎಂಬುದು ಪ್ರಶ್ನೆ. ನಾರ್ವೆಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಹೀಗೆ ಅಳುವ 86 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೈರೋಪ್ರಾಕ್ಟರ್ ಚಿಕಿತ್ಸೆ. ಇನ್ನೊಂದು ಗುಂಪಿನ ಕೂಸುಗಳನ್ನು ನರ್ಸ್ ಹತ್ತು ನಿಮಿಷ ಎತ್ತಿಕೊಂಡಿದ್ದಳು, ಅಷ್ಟೇ. ತಮ್ಮ ಕೂಸು ಯಾವ ಗುಂಪಿನದೆಂದು ತಂದೆತಾಯಿಗಳಿಗೆ ತಿಳಿಸಿರಲಿಲ್ಲ. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ಸುಮಾರು 70 ಸುಧಾರಿಸಿದವು, ಬರೀ ಎತ್ತಿಕೊಂಡವುಗಳಲ್ಲಿ 60. ಆ ಅಂತರ ಆಕಸ್ಮಿಕವಾಗಿ ಬರಬಹುದಾದಷ್ಟೇ ಎಂದು ಲೆಕ್ಕ ಹಾಕಿದವರು ತೀರ್ಮಾನಿಸಿದರು. 2012ರಲ್ಲಿ ಇಂತಹ ಆರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಯಾವ ಕೂಸಿಗೆ ಏನಾಯಿತೆಂದು ತಂದೆತಾಯಿಗಳಿಗೆ ತಿಳಿಯದಿದ್ದ ಪ್ರಯೋಗಗಳಲ್ಲಿ ಖಚಿತ ಪ್ರಯೋಜನ ಕಾಣಲಿಲ್ಲ. ಈ ಸಂಜೆಯ ಅಳು ಸುಮಾರು ಆರನೆಯ ವಾರದಲ್ಲಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆರನೆಯ ವಾರದಲ್ಲಿ ನೀವು ಯಾರನ್ನು ಕರೆಸಿದರೂ ಕೀರ್ತಿ ಅವರಿಗೇ.

ಚಿಕಿತ್ಸೆ ಬೇಕಾಗಿದ್ದುದು ಯಾರಿಗೆ ಎಂದು ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ಏನೂ ಮಾಡದೆ ಕುಳಿತುಕೊಳ್ಳುವುದು ತಂದೆತಾಯಿಗೆ ಅತ್ಯಂತ ಕಠಿಣ. ಏನಾದರೊಂದು ಮಾಡಿಸಿದೆವು ಎಂಬ ಸಮಾಧಾನ ನಮಗೆ ಬೇಕು. ಆ ಬಯಕೆ ಪಾಪವಲ್ಲ. ಆದರೆ ನಮ್ಮ ಸಮಾಧಾನದ ಬೆಲೆಯನ್ನು ಕೂಸಿನ ಬೆನ್ನು ತೆರಬಾರದು. ಹರಕೆ, ದಾರ, ಊದುವುದು, ತಿಕ್ಕುವುದು, ವಿಡಿಯೋ ನೋಡಿ ಒಂದೂರಿನಿಂದ ಇನ್ನೊಂದೂರಿಗೆ ಅಲೆಯುವುದು, ಇವುಗಳನ್ನೆಲ್ಲ ಪ್ರಯತ್ನವೆಂದು ಕರೆಯುವ ಮುಂಚೆ ಇದನ್ನು ಯೋಚಿಸಬೇಕು. ತವಕ್ಕುಲ್‌ಗೆ ಮೊದಲು ಒಂಟೆಯನ್ನು ಕಟ್ಟಬೇಕೆಂದು ನಮಗೆ ಕಲಿಸಲಾಗಿದೆ, ನಿಜ. ಪಕ್ಕದಲ್ಲಿ ನಿಂತಿರುವ ಯಾವುದೋ ಕಂಬಕ್ಕೆ ಹಗ್ಗ ಸುತ್ತಿ ಬಂದರೆ ಒಂಟೆ ಕಟ್ಟಿದಂತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಕೈಯದ್ದಲ್ಲ, ಕಾಲದ್ದು. ಉಳುಕೆಂದು ಮೂರು ದಿನ ತಿಕ್ಕಿಸಿದ ಕೂಸಿನ ಅಳುವಿಗೆ ಕಿವಿಯ ಸೋಂಕು, ಸಿಕ್ಕಿಕೊಂಡ ಹರ್ನಿಯಾ, ಕರುಳಿನೊಳಗೆ ಕರುಳು ಸೇರಿಕೊಂಡಿರುವುದು ಕಾರಣವಾಗಿರಬಹುದು. ನೆತ್ತಿ ಬಿದ್ದಿದೆಯೆಂದು ಎಣ್ಣೆ ಒತ್ತಿಸಿಕೊಂಡ ಕೂಸಿನ ಮೈಯಲ್ಲಿ ನೀರು ಬತ್ತಿರುತ್ತದೆ. ಅದಕ್ಕೆ ಬೇಕಾದದ್ದು ಎಣ್ಣೆಯಲ್ಲ. ಹುಟ್ಟುವಾಗಲೇ ಪಾದ ಒಳಗೆ ತಿರುಗಿರುವ ಮಗುವಿಗೆ ಮೊದಲ ಕೆಲವೇ ವಾರಗಳಲ್ಲಿ ಪ್ಲಾಸ್ಟರ್ ಕಟ್ಟು ಆರಂಭಿಸಿದರೆ, ಬಹುಪಾಲು ಮಕ್ಕಳು ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಎಲ್ಲರಂತೆ ನಡೆಯುತ್ತಾರೆ. ಹುಟ್ಟಿನಿಂದ ಬಂದ ಇಂತಹ ನ್ಯೂನತೆಗಳನ್ನು ಗುರುತಿಸಿ ಉಚಿತವಾಗಿ ಚಿಕಿತ್ಸೆಗೆ ಕಳಿಸುವ ಸರಕಾರಿ ಯೋಜನೆ 2013ರಿಂದ ಇದೆ. ತಿಕ್ಕಿಸಿದರೆ ಸರಿಹೋಗುತ್ತದೆಂದು ವರ್ಷ ಕಳೆದರೆ ಆ ಸುಲಭದ ದಾರಿ ಕಷ್ಟವಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ ಅಥವಾ ತಗ್ಗಿದರೆ, ಕೈಕಾಲು ಸಡಿಲಬಿಟ್ಟು ಮಂಕಾಗಿ ಮಲಗಿದರೆ ಅಂದೇ ದವಾಖಾನೆಗೆ ಒಯ್ಯಬೇಕು. ಡಂಬಳದವರಿಗೆ ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ರಾತ್ರಿಯಾದರೆ 108ಕ್ಕೆ ಫೋನ್ ಮಾಡಬಹುದು.

ಈ ನಿರ್ಧಾರವನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಎಂಬುದನ್ನೂ ಹೇಳಲೇಬೇಕು. ಹಾಲು ಬಿಡಿಸುವಂತಹ ವಿಷಯಕ್ಕೂ ತಂದೆತಾಯಿ ಇಬ್ಬರ ಒಪ್ಪಿಗೆ, ಪರಸ್ಪರ ಸಮಾಲೋಚನೆ ಬೇಕೆಂದು ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ಬೋಧಿಸುತ್ತದೆ. ಮಗುವಿನ ಕಾರಣದಿಂದ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದೂ ಅದೇ ಸೂಕ್ತದಲ್ಲಿದೆ. ನಮ್ಮಲ್ಲಿ ನಡೆಯುವುದೇನು? ಅತ್ತೆ ಹೇಳುತ್ತಾರೆ, ಮಾವ ಆಟೋ ತರಿಸುತ್ತಾರೆ, ತಂದೆ ಹುಬ್ಬಳ್ಳಿಯಿಂದಲೋ ದುಬೈಯಿಂದಲೋ ಫೋನಿನಲ್ಲಿ ಸರಿ ಎನ್ನುತ್ತಾನೆ. ರಾತ್ರಿಯಿಡೀ ಎಚ್ಚರವಿದ್ದ ಇಪ್ಪತ್ತು ವರ್ಷದ ತಾಯಿಯನ್ನು ಯಾರೂ ಕೇಳುವುದಿಲ್ಲ. ಬೇಡವೆಂದು ಅವಳ ಮನಸ್ಸು ಹೇಳುತ್ತಿದ್ದರೂ, ಬೇಡವೆಂದರೆ ಕೂಸಿನ ಮೇಲೆ ಪ್ರೀತಿಯಿಲ್ಲ ಎಂಬ ಮಾತು ಬರುತ್ತದೆಂದು ಸುಮ್ಮನಿರುತ್ತಾಳೆ. ಕೂಸು ಎಷ್ಟು ಹಾಲು ಕುಡಿಯಿತು, ಎಷ್ಟು ಸಲ ಬಟ್ಟೆ ಒದ್ದೆ ಮಾಡಿತು, ಇಂದಿನ ಅಳು ನಿನ್ನೆಯದರಂತೆಯೇ ಇದೆಯೇ ಬೇರೆಯೇ ಎಂಬುದನ್ನು ಬಲ್ಲವಳು ಅವಳೊಬ್ಬಳೇ. ವೈದ್ಯರು ಮೊದಲು ಕೇಳುವುದೂ ಇದನ್ನೇ.

ಆಸ್ಪತ್ರೆಯಲ್ಲಿ ಪರೀಕ್ಷಿಸಿ ಏನೂ ಇಲ್ಲವೆಂದರೆ, ಕೂಸಿನ ತೂಕ ಏರುತ್ತಿದ್ದರೆ, ಮುಂದಿನ ಆರೇಳು ವಾರಗಳಿಗೆ ಮನೆಯವರು ಸರದಿ ಗೊತ್ತುಮಾಡಿಕೊಳ್ಳಲಿ. ಇಶಾ ಮುಗಿಸಿ ಬಂದವರು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಲಿ. ತಾಳ್ಮೆ ಕೆಟ್ಟಿತೆನಿಸಿದರೆ ಅದನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಹೋಗಿ ಬರಲಿ, ಎಂದಿಗೂ ಹಿಡಿದು ಅಲುಗಾಡಿಸದಿರಲಿ. ಅಷ್ಟು ಹೊತ್ತು ತಾಯಿ ಮಲಗಲಿ.