ಗುಣವಾಗುವುದೆಂದರೆ ಮೊದಲಿನಂತಾಗುವುದೇ?

ಮಂಗನ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಬಂದವರನ್ನು ಸಿದ್ದಾಪುರ ಕಡೆಯ ನೆಂಟರು ‘ಈಗ ಪೂರಾ ಮೊದ್ಲಿನಂಗೇ ಆತಾ?’ ಎಂದು ವಿಚಾರಿಸುತ್ತಾರೆ. ಪ್ರೀತಿಯ ಮಾತೇ. ಆದರೆ ಅದರ ಬೆನ್ನಿಗೆ ಒಂದು ನಂಬಿಕೆ ಕೂತಿದೆ: ಕಾಯಿಲೆಯೆಂದರೆ ದಾರಿ ತಪ್ಪುವುದು, ಗುಣವೆಂದರೆ ಹಳೆಯ ದಾರಿಗೆ ಮರಳುವುದು. ಫ್ರಾನ್ಸಿನ ಜಾರ್ಜ್ ಕಾಂಗಿಲೆಮ್ (1904–1995) ಇದನ್ನು ಒಪ್ಪಲಿಲ್ಲ. ತತ್ತ್ವಶಾಸ್ತ್ರದ ಮೇಷ್ಟರಾಗಿದ್ದ ಅವರು ವೈದ್ಯಶಾಸ್ತ್ರವನ್ನೂ ಓದಿದರು. ನಾಜಿಗಳ ಆಕ್ರಮಣದ ಕಾಲದಲ್ಲಿ, 1943ರಲ್ಲಿ, ಬರೆದ ವೈದ್ಯಕೀಯ ಪ್ರಬಂಧದಲ್ಲಿ ಈ ನಂಬಿಕೆಯನ್ನೇ ಕೆದಕಿದರು.

ಅವರ ವಾದ ಹೀಗಿದೆ. ಪ್ರತಿ ಜೀವಿಯೂ ತನ್ನ ಸುತ್ತಲಿನೊಂದಿಗೆ ಬಾಳಲು ಒಂದು ಕಟ್ಟಳೆ ಮಾಡಿಕೊಂಡಿರುತ್ತದೆ. ಕಾಯಿಲೆ ಬಿದ್ದ ದೇಹ ಕಟ್ಟಳೆ ಕಳೆದುಕೊಂಡ ದೇಹವಲ್ಲ, ಇಕ್ಕಟ್ಟಾದ ಕಟ್ಟಳೆಗೆ ಸಿಕ್ಕಿಬಿದ್ದ ದೇಹ. ಸ್ವಲ್ಪ ಬಿಸಿಲು, ಒಂದು ಏರು, ತಪ್ಪಿದ ಒಂದು ಹೊತ್ತಿನ ಊಟ, ಇಷ್ಟನ್ನೂ ಅದು ತಡೆಯದು. ಆರೋಗ್ಯವೆಂದರೆ ಸಂದರ್ಭ ಬದಲಾದಾಗ ಹೊಸ ಕಟ್ಟಳೆ ಹಾಕಿಕೊಳ್ಳುವ ತಾಕತ್ತು. ಕಾಂಗಿಲೆಮ್ ಇಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರನ್ನು ನೆನೆಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಸೈನಿಕರನ್ನು ನೋಡಿಕೊಂಡ ಗೋಲ್ಡ್‌ಸ್ಟೈನ್, ಅವರಲ್ಲಿ ಹಲವರು ತಮ್ಮ ವಸ್ತುಗಳನ್ನು ಅತಿಯಾದ ಅಚ್ಚುಕಟ್ಟಿನಲ್ಲಿ ಇಟ್ಟುಕೊಳ್ಳುವುದನ್ನು ಗಮನಿಸಿದರು. ನೋಡುವವರಿಗೆ ಅದು ಗೀಳು. ಆದರೆ ಆ ಅಚ್ಚುಕಟ್ಟಿನೊಳಗೇ ಆ ಸೈನಿಕರಿಗೆ ಬಾಳು ಸಾಧ್ಯವಾಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಈ ವಿಚಾರ ಬೇಗ ಮನಸ್ಸಿಗೆ ಹತ್ತುತ್ತದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೊಪ್ಪಿನ ಬೆಟ್ಟದಿಂದ ದರಕು (ಒಣಗಿದ ಎಲೆ) ಹೊರುವುದು, ಸೌದೆ ಮಾಡುವುದು, ಅಡಿಕೆ ಕೊಯ್ಲು ಎಲ್ಲವೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಜ್ವರ ಇಳಿದ ಮೇಲೂ ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಕೆಲವರಿಗೆ ಜ್ವರ ಮರುಕಳಿಸುತ್ತದೆ.

ಹೀಗೆ ಸೋತ ಒಬ್ಬ ಕೊನೆಗೌಡನನ್ನು ಕಲ್ಪಿಸಿಕೊಳ್ಳಿ. ಮರದಿಂದ ಮರಕ್ಕೆ ದಾಟುತ್ತ ಅಡಿಕೆ ಕೊನೆ ಇಳಿಸುವುದೇ ಅವನ ಕಸುಬು, ಹೆಸರು, ಗತ್ತು. ಈಗ ಕಾಲು ನಡುಗುತ್ತದೆ. ಮತ್ತೆ ಮರ ಹತ್ತಿದರೆ ಮಾತ್ರ ಗುಣ ಎಂದು ಹಠ ಹಿಡಿದರೆ ಅವನು ಕಾಯಿಲೆಯ ಕಟ್ಟಳೆಯೊಳಗೇ ಉಳಿದಂತೆ. ಆದರೆ ಯಾವ ಕೊನೆ ಕೆಂಪಡಿಕೆಗೆ ಹದ, ಯಾವುದನ್ನು ಚಾಲಿಗೆಂದು ಹಣ್ಣಾಗಲು ಬಿಡಬೇಕು ಎಂಬುದನ್ನು ಬಲ್ಲ ಕಣ್ಣು ಅವನದು. ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಕೊಯ್ಯುವ ಹುಡುಗರಿಗೆ ಆ ಕಣ್ಣು ಇಲ್ಲ. ಅವರಿಗೆ ತೋರಿಸಿಕೊಡುವವನಾಗುವುದು ಸಮಾಧಾನಕ್ಕೆ ಕೊಟ್ಟ ಕೆಲಸವಲ್ಲ. ಅದಕ್ಕೂ ಅದರದೇ ಶ್ರಮ ಉಂಟು: ಮುಖ್ಯವಾಗಿ, ತಾನು ಮಾಡುವುದನ್ನು ಬಾಯಲ್ಲಿ ಹೇಳಲು ಕಲಿಯುವುದು.

ಇಂಥ ಮಾತು ಬಂದಾಗ ಸಾಮಾನ್ಯವಾಗಿ ವಿಕ್ಟರ್ ಫ್ರಾಂಕ್ಲ್ ಅವರನ್ನು ಕರೆತರುತ್ತಾರೆ. ನಾಜಿ ಶಿಬಿರಗಳಿಂದ ಬದುಕಿ ಬಂದ ಆ ಮನೋವೈದ್ಯರು, ತಪ್ಪಿಸಲಾಗದ ನೋವಿನ ಎದುರು ನಾವು ತಳೆಯುವ ನಿಲುವಿನಲ್ಲೂ ಅರ್ಥವಿದೆ ಎಂದರು. ದೊಡ್ಡ ಮಾತು, ಆದರೆ ಹಾಸಿಗೆಯಿಂದ ಈಗಷ್ಟೇ ಎದ್ದವನಿಗೆ ಭಾರ. ಕಾಂಗಿಲೆಮ್ ಮೊಣಕಾಲಿನಿಂದ, ಉಸಿರಿನಿಂದ ಶುರು ಮಾಡುತ್ತಾರೆ, ನನಗೆ ಅದು ಹೆಚ್ಚು ಒಗ್ಗುತ್ತದೆ. ಉದ್ದೇಶವನ್ನು ಮೊದಲು ಹುಡುಕಿ ಆಮೇಲೆ ಬದುಕುವುದಲ್ಲ. ಹೊಸ ದಿನಚರಿ ಕೂಡಿಬರುತ್ತ ಬಂದಂತೆ ಉದ್ದೇಶ ಅದರೊಳಗಿಂದ ಕಾಣಿಸುತ್ತದೆ. ಉದಾಹರಣೆಗೆ, ಕಾದಂಬರಿಕಾರ ನಿರಂಜನರಿಗೆ 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಅವರ ಕಾದಂಬರಿ ‘ಮೃತ್ಯುಂಜಯ’ ಹೊರಬಂದದ್ದು ಅದರ ನಂತರ. ಜಗತ್ತಿನ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದನೆಯೂ ನಂತರದ್ದೇ. ಅದು ಹಲವು ಅನುವಾದಕರ ಕೈಗಳನ್ನು ಕೂಡಿಸಿದ ಕೆಲಸ.

ಕೈಗಳನ್ನು ಕೂಡಿಸುವ ಈ ಸಂಗತಿಯ ಬಗ್ಗೆ ಕಾಂಗಿಲೆಮ್ ಕಡಿಮೆ ಹೇಳಿದರೆಂದು ನನ್ನ ತಕರಾರು. ದೇಹ ಹೊಸ ಕಟ್ಟಳೆ ಹಾಕಿಕೊಳ್ಳಲು ಬಿಡುವು ಬೇಕು. ತೋಟದ ಒಡೆಯನಿಗೆ ಅದು ಸಿಕ್ಕೀತು. ದಿನಗೂಲಿಯವನು ಏರು ಹತ್ತಲಾರದ ದೇಹ ಹೊತ್ತುಕೊಂಡೇ ಅದೇ ಬೆಟ್ಟಕ್ಕೆ ದರಕಿಗೆ ಹೋಗುತ್ತಾನೆ. ಕೊನೆಗೌಡ ಹುಡುಗರಿಗೆ ಹದ ತೋರಿಸುತ್ತಾ ನಿಂತ ದಿನಕ್ಕೆ ಪಗಾರ ಎಷ್ಟು ಎಂಬುದನ್ನು ಕೊಯ್ಲಿಗೆ ಮುಂಚೆಯೇ ತೋಟದವರು ಮಾತಾಡಿಕೊಳ್ಳಬೇಕಾಗುತ್ತದೆ.